ನಡುಗದ ಕೈ

ಶಿಷ್ಯ ಸಿದ್ಧಮಲ್ಲ ಒಂದು ಬೆಳಿಗ್ಗೆ ಗುರುಗಳ ಮುಂದೆ ಕುಳಿತು ಕೇಳಿದ.

"ಬುದ್ಧಿ, ಧ್ಯಾನಕ್ಕೆ ಕೂತರೆ ಮನಸ್ಸು ನಡುಗುತ್ತದೆ. ತೀರಿಕೊಂಡ ತಮ್ಮ ಕಣ್ಣಮುಂದೆ ಬರುತ್ತಾನೆ. ಕಣ್ಣಲ್ಲಿ ನೀರು ಬರುತ್ತದೆ. ಮಣೆ ಬದಲಾಯಿಸಿದೆ, ಕೂರುವ ಜಾಗ ಬದಲಾಯಿಸಿದೆ, ರಾತ್ರಿಯ ಊಟ ಬಿಟ್ಟೆ. ಏನು ಮಾಡಿದರೂ ನಿಲ್ಲಲಿಲ್ಲ. ಈ ನಡುಕವನ್ನು ಬೇರುಸಹಿತ ಕೀಳುವ ದಾರಿ ಯಾವುದು?"

ಗುರುಗಳು ನಕ್ಕರು.

"ಮಣೆ ಬದಲಾಯಿಸಿದೆಯಾ? ಮಠದಲ್ಲಿ ಇನ್ನೂ ಬೇಕಾದಷ್ಟು ಮಣೆಗಳಿವೆ," ಎಂದರು. ಆಮೇಲೆ ನಗು ಬಿಟ್ಟು ಹೇಳಿದರು. "ದಾರಿ ಇದೆ. ಅದರಲ್ಲಿ ಕೊನೆಯ ತನಕ ನಡೆದವನೊಬ್ಬನ ಕತೆ ಹೇಳುತ್ತೇನೆ, ಕೇಳು."

ಒಬ್ಬ ಗುರಿಗಾರನಿದ್ದ. ಬೇಟೆಯವನಲ್ಲ, ಸಿಪಾಯಿಯೂ ಅಲ್ಲ. ಕಾಗದದ ಮೇಲಿನ ಕಪ್ಪು ಚುಕ್ಕೆಗೆ ರೈಫಲ್ ಹಿಡಿದು ಹೊಡೆಯುವ ಸ್ಪರ್ಧೆಯವನು. ಆ ಸ್ಪರ್ಧೆಯಲ್ಲಿ ಗುಂಡು ಯಾರಿಗೂ ತಗಲುವುದಿಲ್ಲ. ಇಷ್ಟು ನಿರುಪದ್ರವಿಯಾದ ಆಟ ಇನ್ನೊಂದಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಯಾರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಅವನಿಗೆ ಹೆಂಡತಿಯಿದ್ದಳು, ಒಬ್ಬಳು ಪುಟ್ಟ ಮಗಳಿದ್ದಳು. ದೇಶದ ದೊಡ್ಡ ಸ್ಪರ್ಧೆಯನ್ನು ಒಮ್ಮೆ ಗೆಲ್ಲಬೇಕು ಎಂಬ ಒಂದೇ ಆಸೆಯಿತ್ತು. ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಸಾಯಂಕಾಲ ಮನೆಗೆ ಬಂದರೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದ.

ಆಗ ಅವನ ಕೈಯಲ್ಲಿದ್ದದ್ದು ಕ್ಲಬ್ಬಿನ ಹಳೆಯ ರೈಫಲ್. ಅದರ ಹಿಡಿ ಅಲ್ಲಾಡುತ್ತಿತ್ತು. ಟ್ರಿಗರ್ ಒಂದು ದಿನ ಹಗುರ, ಒಂದು ದಿನ ಭಾರ. ಅವನು ಹೊಡೆದ ಗುರಿಹಾಳೆಯಲ್ಲಿ ತೂತುಗಳು ಅಲ್ಲಲ್ಲಿ ಚೆದುರಿರುತ್ತಿದ್ದವು. ಮಗಳು ಆ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಷತ್ರ ಎನ್ನುತ್ತಿದ್ದಳು. ಅಪ್ಪ ಸೋತಷ್ಟೂ ಅವಳಿಗೆ ನಕ್ಷತ್ರ ಹೆಚ್ಚು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ಇಲ್ಲಿ ತರಬೇಡ. ಅವನಿಗೆ ಕುಣಿಯಲು ಬರುತ್ತಿತ್ತು, ನೆಲವೂ ನಿಜವಾಗಿ ಡೊಂಕಾಗಿತ್ತು.

ಅವನು ಒಬ್ಬ ವ್ಯಾಪಾರಿಯ ಬಳಿಗೆ ಹೋದ. ಸ್ಪರ್ಧೆಯವರಿಗೆ ಬೇಕಾದ ಬಂದೂಕು, ಉಡುಪು, ಗುಂಡು ಎಲ್ಲವನ್ನೂ ಮಾರುವವನು. ಹೊಸ ಸರಕು ಬಂದಾಗಲೆಲ್ಲ ಗುರಿಗಾರರು ಅವನ ಅಂಗಡಿಗೆ ಮುತ್ತುತ್ತಿದ್ದರು. ವ್ಯಾಪಾರಿ ಅವನಿಗೆ ಮೊದಲು ಒಂದು ಅಂಗಿ ತೋರಿಸಿದ. ದಪ್ಪ ಕ್ಯಾನ್ವಾಸಿನದು, ತೊಟ್ಟರೆ ಸೊಂಟ ಬಗ್ಗುವುದಿಲ್ಲ. ಬೆನ್ನಿನ ತೂಗಾಟ ನಿಂತಿತು. ಆಮೇಲೆ ಅದೇ ಬಟ್ಟೆಯ ಪ್ಯಾಂಟು, ಚಪ್ಪಟೆ ಅಟ್ಟೆಯ ಬೂಟು. ಅವನ್ನು ಹಾಕಿಕೊಂಡವರು ಬಾತುಕೋಳಿಯ ಹಾಗೆ ನಡೆಯುತ್ತಾರೆ, ಆದರೆ ನಿಂತರೆ ಕಂಬ. ಮಂಡಿಯ ನಡುಕವೂ ಹೋಯಿತು. ಕೈಗೆ ಗವಸು ಬಂತು. ಗುರಿಯಿಡದ ಕಣ್ಣಿಗೆ ಒಂದು ಮರೆ ಬಂತು.

ಪ್ರತಿಯೊಂದೂ ಹೇಳಿದ ಕೆಲಸವನ್ನು ಮಾಡಿತು. ತೂತುಗಳು ಹತ್ತಿರ ಹತ್ತಿರ ಬಂದವು. ಆ ವ್ಯಾಪಾರಿ ಮೋಸಗಾರನಾಗಿರಲಿಲ್ಲ. ಮೋಸಗಾರನಾಗಿದ್ದರೆ ಗುರಿಗಾರ ಉಳಿದುಕೊಳ್ಳುತ್ತಿದ್ದ.

ಕೊನೆಗೆ ಹೊಸ ರೈಫಲ್ ಬಂತು. ಪೆಟ್ಟಿಗೆಯೊಳಗೆ ರೈಫಲಿನ ಜೊತೆ ಒಂದು ಚಿಕ್ಕ ಗುರಿಹಾಳೆ ಇತ್ತು. ಅದರಲ್ಲಿ ಒಂದೇ ಒಂದು ತೂತು.

"ಒಂದು ಗುಂಡು ಹೊಡೆದಿದ್ದಾರಾ?" ಎಂದು ಗುರಿಗಾರ ಕೇಳಿದ.

"ಒಂದಲ್ಲ ಸ್ವಾಮಿ, ಬೇಕಾದಷ್ಟು ಹೊಡ್ದಿದಾರೆ," ಎಂದ ವ್ಯಾಪಾರಿ. "ಎಲ್ಲಾ ಒಂದೇ ತೂತಲ್ಲಿ ಹೋಗಿದೆ. ಕಾರ್ಖಾನೆಲಿ ಇದನ್ನ ಕಬ್ಬಿಣದ ಇಕ್ಕಳಕ್ಕೆ ಬಿಗಿದು ಪರೀಕ್ಷೆ ಮಾಡ್ತಾರೆ. ಮನುಷ್ಯರು ಹಿಡ್ಕೊಳಲ್ಲ."

ಗುರಿಗಾರ ಆ ಹಾಳೆಯನ್ನು ಮನೆಗೆ ತಂದು ಗೋಡೆಗೆ ಅಂಟಿಸಿದ. ಪ್ರತಿ ಸಾಯಂಕಾಲ ತಾನು ಹೊಡೆದ ಹಾಳೆಯನ್ನು ಅದರ ಪಕ್ಕದಲ್ಲಿ ಹಿಡಿದು ನೋಡುತ್ತಿದ್ದ. ಅದು ಅದೇ ರೈಫಲ್, ಅದೇ ಗುಂಡು. ಅಲ್ಲಿ ಒಂದು ತೂತು, ಇಲ್ಲಿ ತೂತಿನ ಸುತ್ತ ಹರಿದ ಅಂಚು. ಆ ಅಂಚು ಎಲ್ಲಿಂದ ಬಂತು? ಹಳೆಯ ರೈಫಲ್ ಇದ್ದಾಗ ತಪ್ಪಿಗೆ ಹೋಗಿ ಕೂರಲು ಒಂದು ಜಾಗವಿತ್ತು. ಈಗ ಎಲ್ಲಿಯೂ ಇರಲಿಲ್ಲ.

ಅವನು ಮತ್ತೆ ವ್ಯಾಪಾರಿಯ ಬಳಿಗೆ ಹೋದ. "ಇನ್ನೇನಿದೆ?" ಎಂದ. ವ್ಯಾಪಾರಿ ನಕ್ಕ. "ನನ್ನ ಅಂಗಡೀಲಿ ಇನ್ನೇನೂ ಇಲ್ಲ ಸ್ವಾಮಿ. ಸರಿಮಾಡಕ್ಕೆ ಉಳ್ದಿರೋದು ನೀವೊಬ್ರೇ."

ವ್ಯಾಪಾರಿ ತಮಾಷೆಗೆ ಅಂದ ಮಾತು ಅದು. ಗುರಿಗಾರ ತಮಾಷೆಯೆಂದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಮನೆಗೆ ಬಂದ.

ಅಂದಿನಿಂದ ಅವನು ತನ್ನನ್ನು ಸರಿಮಾಡಿಕೊಳ್ಳಲು ತೊಡಗಿದ. ಕಾಫಿ ಬಿಟ್ಟ. ಗಟ್ಟಿಯಾಗಿ ನಗುವುದನ್ನು ಬಿಟ್ಟ, ಜಗಳ ಬಿಟ್ಟ. ಹೆಂಡತಿ ರೇಗಿದರೆ ಎದ್ದು ಹೊರಗೆ ಹೋಗುತ್ತಿದ್ದ. ಮಗಳನ್ನು ಎತ್ತಿಕೊಂಡರೆ ತೋಳು ಬಹಳ ಹೊತ್ತು ನಡುಗುತ್ತದೆ ಎಂದು ಗೊತ್ತಾಯಿತು. ಅದನ್ನೂ ಬಿಟ್ಟ. "ಸ್ಪರ್ಧೆ ಮುಗೀಲಿ ಕಂದಾ, ಎತ್ಕೋತೀನಿ," ಎಂದು ಅವಳಿಗೆ ಹೇಳಿದ. ಮಗು ಕೆಲವು ದಿನ ಕೈ ಚಾಚಿತು. ಆಮೇಲೆ ಚಾಚುವುದನ್ನು ಮರೆಯಿತು. ಮಕ್ಕಳು ಬೇಗ ಕಲಿಯುತ್ತಾರೆ, ಕಲಿಯಬಾರದ್ದನ್ನು ಇನ್ನೂ ಬೇಗ.

ಹಾಳೆಯಲ್ಲಿ ಅಂಚು ಸಣ್ಣದಾಯಿತು, ಆದರೆ ಹೋಗಲಿಲ್ಲ. ಉಳಿದದ್ದು ಎದೆಯ ಬಡಿತ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವ ಚೂರು ನಿಶ್ಶಬ್ದದಲ್ಲಿ ಟ್ರಿಗರ್ ಒತ್ತಬೇಕು ಎಂಬುದು ಗುರಿಗಾರರೆಲ್ಲ ಬಲ್ಲ ಮಾತು. ದೊಡ್ಡ ಸ್ಪರ್ಧೆಯ ದಿನ ಎದೆ ಓಡತೊಡಗುತ್ತದೆ, ಆ ನಿಶ್ಶಬ್ದ ಸಿಗುವುದಿಲ್ಲ. ಎದೆಯನ್ನು ನಿಧಾನ ಮಾಡುವ ಮಾತ್ರೆಗಳಿವೆ. ಸ್ಪರ್ಧೆಯಲ್ಲಿ ಅವಕ್ಕೆ ನಿಷೇಧವಿದೆ. ಅವನು ನಿಯಮ ಮುರಿಯುವವನಲ್ಲ, ಮಾತ್ರೆಯನ್ನು ಮುಟ್ಟಲಿಲ್ಲ. ಬೇರೆ ಉಪಾಯ ಹುಡುಕಿದ.

ಸಿದ್ಧಮಲ್ಲ, ಇದನ್ನು ಗಮನವಿಟ್ಟು ಕೇಳು. ನೀನು ಕೂರುವ ಹಾಗೆಯೇ ಅವನೂ ಬೆಳಿಗ್ಗೆ ಎದ್ದು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಎಡಗೈಯ ನಾಡಿಯ ಮೇಲೆ ಬಲಗೈಯ ಬೆರಳಿಟ್ಟುಕೊಳ್ಳುತ್ತಿದ್ದ. ಎದೆ ಹಾರುವಂಥ ಒಂದೊಂದನ್ನೇ ಮನಸ್ಸಿಗೆ ತಂದುಕೊಳ್ಳುತ್ತಿದ್ದ. ಕಾಲ ಬಳಿ ಹಾವು ಹರಿದಂತೆ. ನಾಡಿ ಹಾರುತ್ತಿತ್ತು. ಮತ್ತೆ ತಂದುಕೊಳ್ಳುತ್ತಿದ್ದ, ಮತ್ತೆ. ಕೊನೆಗೆ ಹಾವು ಬಂದರೂ ನಾಡಿ ಹಾರದಾಯಿತು. ಆಮೇಲೆ ತುಂಬಿದ ಹೊಳೆಗೆ ತಾನೇ ಬಿದ್ದಂತೆ. ಅದೂ ಸವೆಯಿತು. ಸಾವಿರ ಜನರ ಎದುರು ಸೋತು ತಲೆತಗ್ಗಿಸಿದಂತೆ. ಅದು ಬಹಳ ದಿನ ಕಾಡಿತು, ಆಮೇಲೆ ಅದೂ ಹೋಯಿತು. ಒಗೆದು ಒಗೆದು ಬಟ್ಟೆಯ ಬಣ್ಣ ಹೋಗುವ ಹಾಗೆ ಒಂದೊಂದರ ಬಣ್ಣವೂ ಹೋಯಿತು.

ಕೊನೆಗೆ ಒಂದೇ ಉಳಿಯಿತು. ಮಗಳು ಸತ್ತಂತೆ ನೆನೆದರೆ ಮಾತ್ರ ನಾಡಿ ಹಾರುತ್ತಿತ್ತು.

ಅಲ್ಲಿಗೆ ಅವನು ನಿಲ್ಲಬೇಕಾಗಿತ್ತು. ಯಾರಾದರೂ ಕೈ ಹಿಡಿದು ನಿಲ್ಲಿಸಬೇಕಾಗಿತ್ತು. ಆದರೆ ಕಣ್ಣು ಮುಚ್ಚಿ ಸುಮ್ಮನೆ ಕೂತವನನ್ನು ಯಾರು ನಿಲ್ಲಿಸುತ್ತಾರೆ? ಹೆಂಡತಿ ನೆರೆಯವರಿಗೆ, ನಮ್ಮೆಜಮಾನರು ಧ್ಯಾನ ಮಾಡ್ತಾರೆ, ಕೋಪ ಎಲ್ಲಾ ಹೊರಟೋಗಿದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಮಗಳು ಪಕ್ಕದ ಕೋಣೆಯಲ್ಲಿ ಆಡುತ್ತಿದ್ದಳು. ಇವನು ಈ ಕೋಣೆಯಲ್ಲಿ ಕೂತು ಅವಳನ್ನು ದಿನವೂ ಸಾಯಿಸಿದ. ಅವಳಿಗೆ ಜ್ವರ ಬರಿಸಿದ, ಮಲಗಿಸಿದ, ಹೂ ಹಾಕಿದ, ಮಣ್ಣು ಮಾಡಿದ. ಒಂದು ಬೆಳಿಗ್ಗೆ ಅವಳನ್ನು ಮಣ್ಣು ಮಾಡಿ ಮುಗಿಸಿದ ಮೇಲೂ ಬೆರಳಿನ ಕೆಳಗೆ ನಾಡಿ ಮೊದಲಿನಂತೆಯೇ ಮೆಲ್ಲಗೆ ಬಡಿಯುತ್ತಿತ್ತು.

ಆ ದಿನ ಅವನು ಹೊಡೆದ ಹಾಳೆಯಲ್ಲಿ ಒಂದೇ ತೂತಿತ್ತು. ಗೋಡೆಯ ಮೇಲಿನ ಹಾಳೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಮಗಳು ಅದನ್ನು ಕಿಟಕಿಗೆ ಹಿಡಿದು ನೋಡಿ, "ಒಂದೇ ಇದೆ," ಎಂದು ಕೆಳಗಿಟ್ಟಳು.

ದೊಡ್ಡ ಸ್ಪರ್ಧೆ ದೂರದ ಊರಿನಲ್ಲಿ ನಡೆಯಿತು. ಅವನು ಸಾಲಿನಲ್ಲಿ ನಿಂತು ಹೊಡೆಯುತ್ತಿದ್ದ. ಅರ್ಧ ಮುಗಿದಿತ್ತು. ಆಗ ಸ್ಪರ್ಧೆಯ ಅಧಿಕಾರಿಯೊಬ್ಬ ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದ. "ನಿಮ್ಮ ಮನೆಯಿಂದ ಫೋನ್ ಬಂದಿತ್ತು. ಮಗುಗೆ ಜ್ವರ ಜಾಸ್ತಿಯಾಗಿ ಪ್ರಜ್ಞೆ ತಪ್ಪಿದೆಯಂತೆ. ಆಸ್ಪತ್ರೆಲಿದಾರೆ. ನೀವು ಹೊರಡೋದಾದ್ರೆ ಹೊರಡಿ."

ಗುರಿಗಾರ ರೈಫಲನ್ನು ಕೆಳಗಿಟ್ಟ. ಅಭ್ಯಾಸಬಲದಿಂದ ಬೆರಳು ನಾಡಿಯ ಮೇಲೆ ಹೋಯಿತು. ನಾಡಿ ಹಾರಿರಲಿಲ್ಲ. ಅವನಿಗೆ ಮೊದಲು ಆದದ್ದು ಸಂತೋಷ. ಇದಕ್ಕಿಂತ ಘೋರವಾದದ್ದನ್ನು ನಾನು ಯಾವ ಕತೆಯಲ್ಲಿಯೂ ಕೇಳಿಲ್ಲ. ಅವನು ಕ್ರೂರಿಯಲ್ಲ. ಆ ಸುದ್ದಿ ಅವನಿಗೆ ಹಳೆಯದಾಗಿತ್ತು, ಅಷ್ಟೆ. ಅವನು ಮತ್ತೆ ರೈಫಲ್ ಎತ್ತಿಕೊಂಡ. ಉಳಿದ ಗುಂಡುಗಳನ್ನು ಹೊಡೆದ. ಗೆದ್ದ. ಕೊರಳಿಗೆ ಪದಕ ಹಾಕಿದರು.

ಊರಿಗೆ ಹೊರಟ ಬಸ್ಸಿನಲ್ಲಿ ಅವನು ಭಯಕ್ಕಾಗಿ ಕಾದ. ಈಗ ಸ್ಪರ್ಧೆ ಮುಗಿದಿದೆ, ಈಗ ಬರಲಿ ಎಂದುಕೊಂಡ. ಅದು ಬರಲಿಲ್ಲ. ಊರು ಬಂತು.

ಮಗು ಹೋಗಿತ್ತು. ಸುದ್ದಿ ಬಂದಾಗಲೇ ಹೊರಟಿದ್ದರೆ ಮುಖ ಸಿಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಚಿಕ್ಕ ಮಕ್ಕಳಿಗೆ ಚಟ್ಟ ಕಟ್ಟುವುದಿಲ್ಲ. ತಂದೆಯೇ ತೋಳಿನಲ್ಲಿ ಎತ್ತಿಕೊಂಡು ಹೋಗಿ ಮಣ್ಣಿಗೆ ಕೊಡಬೇಕು. ಅದು ಅವರ ಕಡೆಯ ಪದ್ಧತಿ. ಅವನು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಅವನ ಮುಖ ನೋಡಲಿಲ್ಲ. "ಎತ್ಕೊಳಿ," ಎಂದಳು. "ಎತ್ಕೋತೀನಿ ಎತ್ಕೋತೀನಿ ಅಂತಿದ್ರಲ್ಲ, ಎತ್ಕೊಳಿ."

ಅವನು ಎತ್ತಿಕೊಂಡ. ಊರಿನ ಹೊರಗಿನ ತನಕ ನಡೆದ. ಹಿಂದೆ ಬಂದವರು ಅತ್ತರು. ಒಮ್ಮೆಯೂ ಆ ಮಗುವನ್ನು ಮಾತಾಡಿಸದವರೂ ಅತ್ತರು. ದಾರಿ ಏರುತಗ್ಗಿನದು. ಅವನ ತೋಳು ಎಲ್ಲಿಯೂ ನಡುಗಲಿಲ್ಲ. ಗುಂಡಿಯೊಳಗೆ ಇಳಿಸುವಾಗಲೂ ನಡುಗಲಿಲ್ಲ. ಎಂಥ ಗಟ್ಟಿ ಮನಸ್ಸು ಎಂದು ಒಬ್ಬ ಮುದುಕ ಮೆಚ್ಚಿಕೊಂಡ.

ಅವನು ಮಣ್ಣು ಹಾಕಿ ಎದ್ದು ನಿಂತು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಯಾವುದೋ ಅಂಗಡಿಯ ಸಾಮಾನನ್ನು ನೋಡಿದಂತೆ ನೋಡಿಕೊಂಡ.

ಆಮೇಲೆ ಅವನು ಬಹಳ ಪ್ರಯತ್ನಪಟ್ಟ. ಮಗಳ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವಳ ಹೆಸರು ಕರೆದ. ನಾಡಿಯ ಮೇಲೆ ಬೆರಳಿಟ್ಟು ಕಾದ. ಏನೂ ಆಗಲಿಲ್ಲ. ಹೆಂಡತಿ ತವರಿಗೆ ಹೋದಳು. ಅವಳು ಹೋಗುವಾಗಲೂ ಏನೂ ಆಗಲಿಲ್ಲ. ಅವಳು ಹೋದದ್ದು ಸರಿ ಎಂದು ಅವನಿಗೆ ತಿಳಿದಿತ್ತು. ತಿಳಿಯುವುದೊಂದೇ ಅವನಲ್ಲಿ ಉಳಿದಿತ್ತು.

ಒಂದು ದಿನ ಅವನು ಮತ್ತೆ ವ್ಯಾಪಾರಿಯ ಅಂಗಡಿಗೆ ಹೋದ. ಆ ವಾರ ಹೊಸ ಸರಕು ಬಂದಿತ್ತು. ಗಿರಾಕಿಗಳು ತುಂಬಿದ್ದರು. ಪದಕ ಗೆದ್ದವನು ಬಂದನೆಂದು ದಾರಿ ಬಿಟ್ಟರು. ವ್ಯಾಪಾರಿ ಎದ್ದು ನಿಂತು ಕೈಮುಗಿದ.

"ಕೈ ನಡುಗಿಸುವಂಥದ್ದು ಏನಾದ್ರೂ ಇದೆಯಾ?" ಎಂದು ಗುರಿಗಾರ ಕೇಳಿದ.

ವ್ಯಾಪಾರಿ ಯೋಚಿಸಿದ. ಹೇಳಿದೆನಲ್ಲ, ಅವನು ಪ್ರಾಮಾಣಿಕ. ಕಪಾಟುಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದ. "ಇಲ್ಲ ಸ್ವಾಮಿ," ಎಂದ. "ಅದನ್ನ ಯಾರೂ ಕೇಳಲ್ಲ. ಅದಕ್ಕೆ ಯಾರೂ ಮಾಡಲ್ಲ."

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಸಿದ್ಧಮಲ್ಲ ಇನ್ನೂ ಏನೋ ಇದೆಯೆಂದು ಕಾದ. ಕೊನೆಗೆ ತಾನೇ ಕೇಳಿದ.

"ಆಮೇಲೆ ಅವನಿಗೆ ಏನಾಯಿತು ಬುದ್ಧಿ?"

"ಆಮೇಲೆ ಏನೂ ಆಗಲಿಲ್ಲ. ಏನೂ ಆಗದಿರುವುದೇ ಅವನಿಗೆ ಆದದ್ದು."

ಶಿಷ್ಯ ತಲೆತಗ್ಗಿಸಿದ. ತಮ್ಮನ ನೆನಪು ಬಂದಿರಬೇಕು, ಕೆಳತುಟಿ ಅದುರಿತು. ಅದನ್ನು ಮರೆಮಾಡಲು ಅವನು ಮೇಲುವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ಗುರುಗಳು ಮುಂದೆ ಬಾಗಿ ಆ ಬಟ್ಟೆಯನ್ನು ಅವನ ಮುಖದಿಂದ ಮೆಲ್ಲಗೆ ಸರಿಸಿದರು. ಅವನ ಕಣ್ಣುಗಳನ್ನು ಹಸಿದವರಂತೆ ನೋಡಿದರು.

"ತಡೆಯಬೇಡ ಮಗು, ಈ ಮಠದಲ್ಲಿ ಕೂತು ಕೂತು ನನಗೆ ಅಳು ಬರುವುದು ನಿಂತುಹೋಗಿದೆ," ಎಂದರು.