ಎಡಕ್ಕೆ ಹೋಗುವ ಚೆಂಡು

ಹುಲಿಗೆಮ್ಮ ಎಸೆದ ಚೆಂಡು ದೊಡ್ಡಬಸಜ್ಜನ ಗ್ಲೌಸಿಗೆ ಸಿಗದೆ, ಎಡಕ್ಕೆ ಹಾರಿ ಹೊಳೆಗೆ ಬಿತ್ತು.

“ಇದು ಮೂರನೇದು,” ಅಂದ ಅಜ್ಜ. “ಇನ್ನು ಮೀನಾ ಬೇಸ್‌ಬಾಲ್ ಆಡ್ತಾವ.”

ಹೊಳೆದಂಡೆಯ ಮಠದ ಶಾಲೆಯಲ್ಲಿ ಆಟ ಕಲಿಸುವವನು ಅಜ್ಜ. ಅವನ ಶಿಷ್ಯರಲ್ಲಿ ಹುಲಿಗೆಮ್ಮನಷ್ಟು ಬಿರುಸಾಗಿ ಎಸೆಯುವವರು ಇರಲಿಲ್ಲ. ಆದರೆ ಚೆಂಡು ಅವಳ ಮಾತು ಕೇಳುತ್ತಿರಲಿಲ್ಲ.

ಭಾನುವಾರ ಇದೇ ಮರಳಿನ ಮೇಲೆ ಜಿಲ್ಲಾ ತಂಡದ ಆಯ್ಕೆ. ಹತ್ತು ಎಸೆತದಲ್ಲಿ ಏಳು ಗ್ಲೌಸಿಗೆ ಬೀಳಬೇಕು. ಆಯ್ಕೆಯಾದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಅವ್ವ ಎಲ್ಲಿದ್ದರೂ ನೋಡಿಯಾಳು ಎಂದು ಹುಲಿಗೆಮ್ಮನ ಆಸೆ.

“ಕೈ ಎಲ್ಲಿ ತಪ್ಪತೈತಿ ಹೇಳ್ರಿ ಅಜ್ಜಾ.”

ಅಜ್ಜ ಎದ್ದು ಹೋಗಿ ಹೊಳೆಗೆ ಬೆನ್ನು ಹಾಕಿ ಕೂತ.

“ಈಗ ಒಗಿ.”

ಹತ್ತರಲ್ಲಿ ಒಂಬತ್ತು ಗ್ಲೌಸಿಗೆ ಬಿದ್ದವು.

“ಕೈ ಸರಿಹೋತ್ರಿ.”

“ಕೈಗೆ ಏನಾಗಿತ್ತು? ಕಣ್ಣು ಹೋದಲ್ಲಿ ಚೆಂಡು ಹೋಗತೈತಿ. ನನ್ನ ಬೆನ್ನ ಹಿಂದ ಏನೈತಿ, ಹೇಳು.”

ಹುಲಿಗೆಮ್ಮ ತಲೆ ತಗ್ಗಿಸಿದಳು. ಅಲ್ಲಿ ಹರಿಗೋಲು ಬಂದು ನಿಲ್ಲುವ ಕಟ್ಟೆ ಇತ್ತು. ಎರಡು ವರ್ಷದ ಹಿಂದೆ ಅವ್ವ ಅವಳನ್ನು ಮಠದಲ್ಲಿ ಬಿಟ್ಟು, ಆ ಕಟ್ಟೆಯಿಂದಲೇ ಹರಿಗೋಲು ಹತ್ತಿದ್ದಳು. ಹೊಳೆ ಇಳಿದ ಮೇಲೆ ಬರುತ್ತೇನೆ ಅಂದಿದ್ದಳು.

ಹೊಳೆ ಎರಡು ಸಲ ಇಳಿದಿತ್ತು.

ಮರುದಿನ ಅಜ್ಜ, ಕಟ್ಟೆ ಅವಳ ಎಡಕ್ಕೆ ಬರುವ ಮೊದಲಿನ ಜಾಗದಲ್ಲೇ ಕೂತ. ಚೆಂಡು ಮತ್ತೆ ಎಡಕ್ಕೆ ಹೋಯಿತು.

“ಭಾನುವಾರ ನೀವು ಹೊಳಿಗೆ ಬೆನ್ನು ಹಾಕೇ ಕೂಡ್ರಿ, ಅಜ್ಜಾ.”

“ಆಯ್ಕೆ ಮಾಡೂ ಸಾಹೇಬರು ಗೆರಿ ಎಳದಲ್ಲಿ ಕೂಡಬೇಕು. ನಿನ್ನ ಸಲುವಾಗಿ ಹೊಳಿ ಎದ್ದು ಬರೂದಿಲ್ಲ.”

“ಹಂಗಾರ ಅವ್ವನ್ನ ಮರೀಲೇನ್ರಿ?”

ಅಜ್ಜ ಗ್ಲೌಸಿಗೆ ಮೆತ್ತಿದ ಮರಳು ಕೊಡವಿದ.

“ಮರಿ ಅಂತ ಯಾರಂದ್ರು? ಎರಡು ವರ್ಷ ಆಕಿ ನಿನ್ನ ಕಾಯಿಸ್ಯಾಳ. ಚೆಂಡು ಬಂದು ನನ್ನ ಕೈ ಮುಟ್ಟೂತನಕ ನೀ ಆಕಿನ್ನ ಕಾಯಿಸು.”

ಹುಲಿಗೆಮ್ಮ ಅವತ್ತು ಮತ್ತೆ ಚೆಂಡು ಹಿಡಿಯಲಿಲ್ಲ. ಮಾರನೆಯ ದಿನ ಬೆಳಗಾಗುತ್ತಲೇ ಬಂದಳು. ಅಜ್ಜ ಆಗಲೇ ಬಂದು ಕೂತಿದ್ದ.

ಭಾನುವಾರ ಒಂಬತ್ತು ಎಸೆತ ಮುಗಿದಾಗ ಆರು ಗ್ಲೌಸಿಗೆ ಬಿದ್ದಿದ್ದವು. ಇನ್ನೊಂದೇ ಉಳಿದಿತ್ತು.

ಅವಳು ಕೈ ಎತ್ತಿದಳು. ಎಡಗಡೆ ಹುಟ್ಟು ನೀರಿಗೆ ಬಡಿಯುವ ಸದ್ದು ಕೇಳಿತು. ಹರಿಗೋಲು ಕಟ್ಟೆಗೆ ತಾಗಿತು. “ನಿಧಾನ ಇಳೀರಿ, ಜಾರತೈತಿ” ಅಂತ ಯಾವುದೋ ಹೆಂಗಸಿನ ದನಿ.

ಹುಲಿಗೆಮ್ಮನ ಕಣ್ಣು ಗ್ಲೌಸಿನ ಮೇಲೇ ಇತ್ತು.

ಎಸೆದಳು.

ಚೆಂಡು ಗ್ಲೌಸಿನೊಳಗೆ ಟಪ್ಪೆಂದಿತು.

ಸಾಹೇಬರು ಅವಳನ್ನು ಕರೆದು ಹೆಸರು ಕೇಳಿದರು. ಊರು ಕೇಳಿದರು. ಬರೆದುಕೊಂಡರು. ಆಮೇಲೆ ಅವಳು ಹೊಳೆಯ ಕಡೆ ತಿರುಗಿದಳು.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹರಿಗೋಲು ವಾಪಸು ಹೊರಟು ನಡುನೀರು ಸೇರಿತ್ತು.

“ಅಜ್ಜಾ, ಯಾರು ಇಳದ್ರು?”

“ನಾ ನೋಡಲಿಲ್ಲವ್ವ,” ಅಂದ ಅಜ್ಜ. “ನಿನ್ನ ಚೆಂಡು ನೋಡಾಕತ್ತಿದ್ದೆ.”