ಯಾರ ಪರವೂ ಅಲ್ಲದ ನೀರುನಾಯಿ

ಮೇಲುಕಾಡಿನಿಂದ ಕೆಳಕಾಡಿಗೆ ಹರಿಯುತ್ತಿದ್ದ ಹೊಳೆಗೆ ಆ ಬೇಸಿಗೆ ಮೇಲುಕಾಡಿನ ಹಂದಿಗಳು ಹೊರಳಾಡಲೆಂದು ಮಣ್ಣಿನ ಒಡ್ಡು ಹಾಕಿದವು. ಕೆಳಕಾಡಿನ ಮಡುವಿಗೆ ನೀರು ಬರುವುದು ನಿಂತು ಜಗಳವೆದ್ದಿತು. ಅದನ್ನು ಬಗೆಹರಿಸಲು ಎರಡೂ ಕಾಡಿನವರು ನೀರುನಾಯಿಯನ್ನು ಮಧ್ಯಸ್ಥನನ್ನಾಗಿ ಆರಿಸಿದರು. ತಾನು ಯಾರ ಪರವೂ ಅಲ್ಲ ಎಂಬ ಹೆಸರು ಅದಕ್ಕೆ ಪ್ರಾಣಕ್ಕಿಂತ ಹೆಚ್ಚಾಗಿತ್ತು.

"ಒಡ್ಡು ಒಡೆಸಿ ಸ್ವಾಮಿ, ಮಡುವಿನಲ್ಲಿ ಮೀನುಗಳು ಬಾಯಿ ಬಿಡುತ್ತಿವೆ" ಎಂದಿತು ಕೆಳಕಾಡಿನ ಆಮೆ.

"ಆತುರಪಟ್ಟರೆ ನಾನು ನಿಮ್ಮ ಕಡೆಯವನೆಂದಾರು. ಹಂದಿಗಳೂ ಒಪ್ಪಲಿ" ಎಂದಿತು ನೀರುನಾಯಿ.

ಒಂಬತ್ತು ದಿನ ಅದು ಮೇಲಕ್ಕೂ ಕೆಳಕ್ಕೂ ಓಡಾಡಿತು. ಹತ್ತನೆಯ ದಿನ ಹಂದಿಗಳು ಒಪ್ಪಿ ಒಡ್ಡು ಒಡೆದವು. ನೀರುನಾಯಿ ಹೊಸ ನೀರಿನ ಜೊತೆಯೇ ಈಜುತ್ತ ಬಂದಿತು. ಮಡು ತುಂಬುತ್ತಿದ್ದಂತೆ ಸತ್ತ ಮೀನುಗಳು ಒಂದೊಂದಾಗಿ ಮೇಲೆದ್ದು ತೇಲಿದವು.

"ಇಬ್ಬರಿಗೂ ನ್ಯಾಯ ದೊರಕಿಸಿದೆ" ಎಂದಿತು ನೀರುನಾಯಿ, ಕುಗ್ಗಿದ ದನಿಯಲ್ಲಿ.

"ಹೌದು ಸ್ವಾಮಿ" ಎಂದಿತು ಆಮೆ, "ನಿಮ್ಮತ್ತ ಯಾರೂ ಬೊಟ್ಟು ಮಾಡುವಂತಿಲ್ಲ."