ಮೂರು ಡಬ್ಬಿ ರೊಟ್ಟಿ, ಒಂದು ರೂಟರ್

ಒಂದೂರು ಎಂದರೆ ಯಾವೂರು ಎಂದು ಕೇಳುತ್ತೀರಿ. ರೋಣ ಎಂದೇ ಇಟ್ಟುಕೊಳ್ಳಿ. ಅಲ್ಲಿ ನೀಲವ್ವ ಎಂಬ ತಾಯಿ, ಮುರಿಗೆಪ್ಪ ಎಂಬ ಮಗ. ತಾಯಿ ರೊಟ್ಟಿ ಬಡಿದು ಮಾರುತ್ತಿದ್ದಳು. ಮಗನಿಗೆ ಇಪ್ಪತ್ತಾರು ತುಂಬಿತ್ತು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತೊಂದರೆ ಅದೇ.

ಮಗಳು ದಾಕ್ಷಾಯಣಿಯನ್ನು ಸಿಂಧನೂರಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳನೇ ತಿಂಗಳು. ಸೀಮಂತದ ಕುಬಸ ಮಾಡಿ ತವರಿಗೆ ಕರೆತರುವ ಹೊತ್ತಿಗೆ ಡಾಕ್ಟರು, ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣದ ಮಾತೇ ಬೇಡ ಎಂದುಬಿಟ್ಟರು. ಅವ್ವ ಫೋನು ಮಾಡಿದರೆ ದಾಕ್ಷಾಯಣಿ ಅಳುತ್ತಿದ್ದಳು. ನಗುತ್ತಿದ್ದದ್ದು ವಾರದಲ್ಲಿ ಒಂದೇ ಸಲ. ಭಾನುವಾರ ಸಂಜೆ ಐದಕ್ಕೆ ಅಲ್ಲಿಂದ ಅವಳು, ಇಲ್ಲಿಂದ ಅಣ್ಣ, ಟಿವಿಗೆ ಹಚ್ಚಿದ ಕನ್ಸೋಲಿನಲ್ಲಿ ಕಾರಿನ ರೇಸು ಆಡುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ಮುರಿಗೆಪ್ಪ ಮಾತು ಬಿಟ್ಟು ಕೂತಿದ್ದಾಗ, ಎಲ್ಲಿಂದಲೋ ಹಳೆಯ ಕನ್ಸೋಲು ತಂದು ಅವನ ಕೈಗೆ ಕೊಟ್ಟವಳೇ ಅವಳು.

ಮೂರು ವಾರದಿಂದ ಆ ಆಟ ಕೆಟ್ಟಿತ್ತು. ಕಾರು ನಾಲ್ಕು ಮಾರು ಓಡುವುದು, ನಿಲ್ಲುವುದು. ಪರದೆಯ ನಡುವೆ ಒಂದು ಬಳೆ ಗಿರಗಿರ ತಿರುಗುವುದು.

"ಈ ಭಾನುವಾರ ಜೋಡಿ ರೇಸಿನ ಫೈನಲ್ ಐತಿ ಯವ್ವಾ. ಅಣ್ಣ ಬರಲಿಲ್ಲಂದ್ರ ನಾನೂ ಆಡಂಗಿಲ್ಲ," ಎಂದು ದಾಕ್ಷಾಯಣಿ ಫೋನಿನಲ್ಲಿ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ನೀಲವ್ವನ ಕೈ ನಿಂತಿತು.

ಗುರುವಾರ ಮುರಿಗೆಪ್ಪ ಇಂಟರ್ನೆಟ್ ನೋಡಿಕೊಳ್ಳುವ ಮೌಲಾಸಾಬನಿಗೆ ಫೋನು ಮಾಡಿದ.

"ರೂಟರ್ ಬಂದ್ ಮಾಡಿ, ಮೂವತ್ತು ಎಣಿಸಿ, ಚಾಲೂ ಮಾಡಪಾ," ಎಂದ ಮೌಲಾಸಾಬ.

ಮುರಿಗೆಪ್ಪ ಬಂದ್ ಮಾಡಿದ. ಎಣಿಸುವುದು ಏನನ್ನು? ಅದನ್ನು ಹೇಳಿರಲಿಲ್ಲ. ಅವ್ವನ ಒಲೆಯ ಪಕ್ಕ ಕೂತ. ಹಂಚಿನಿಂದ ಒಂದು ರೊಟ್ಟಿ ಇಳಿಯಿತು, ಒಂದು. ಇನ್ನೊಂದು ಇಳಿಯಿತು, ಎರಡು. ಹದಿನೇಳಕ್ಕೆ ಹಿಟ್ಟು ತೀರಿತು. ನೀಲವ್ವ ಗಿರಣಿಗೆ ಹೋದಳು. ಇವನು ಕದಲಲಿಲ್ಲ.

"ಮೂವತ್ತು ಎಣಿಸಾಕ ಮೂರು ತಾಸೇನೋ?"

"ನೀನ ಗಿರಣ್ಯಾಗ ತಡಾ ಮಾಡಿದಿ."

"ಹಂಗಲ್ಲೋ ನನ್ನಪ್ಪಾ. ಹೇಳಿದ ಕೂಡ್ಲೆ ಮಾಡಬೇಕು. ಹಿಂದ ಮುಂದ ನೋಡಬಾರದು."

"ಆತು ಯವ್ವಾ, ಇನ್ನ ಹಂಗ ಮಾಡ್ತೀನಿ."

ಬಳೆ ಇನ್ನೂ ತಿರುಗುತ್ತಲೇ ಇತ್ತು. ಶುಕ್ರವಾರ ಬೆಳಿಗ್ಗೆ ಮತ್ತೆ ಫೋನು.

"ರೂಟರ್ ಗ್ವಾಡಿ ಮಾಡದಾಗ ಇಟ್ಟೀರಲ್ಲ, ಅದನ್ನ ಬಯಲಿಗೆ ತಂದು ಎತ್ತರದಾಗ ಇಡು. ವೈರ್ ಮಾತ್ರ..."

ಹೇಳಿದ ಕೂಡಲೇ ಮಾಡಬೇಕಲ್ಲ, ಮುರಿಗೆಪ್ಪ ಫೋನು ಇಟ್ಟ. ವೈರು ಕಿತ್ತ. ಏಣಿ ಹತ್ತಿದ. ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ರೂಟರ್. ಓಣಿಯಲ್ಲಿ ಅದಕ್ಕಿಂತ ಬಯಲಿಲ್ಲ, ಅದಕ್ಕಿಂತ ಎತ್ತರವಿಲ್ಲ. ಕಾಗೆಯೊಂದು ಬಂದು ಪಕ್ಕದಲ್ಲಿ ಕೂತಿತು.

ನೀಲವ್ವ ಅದನ್ನು ಇಳಿಸಿ ತಂದಳು. ವೈರು ಸಿಕ್ಕಿಸಿ, ಗೋಡೆಯೊಳಗಿನ ಗೂಡಿನಂಥ ಆ ಮಾಡದಲ್ಲೇ ಇಟ್ಟಳು. ಮುಂದೆ ತನ್ನ ಮೂರು ದೊಡ್ಡ ಉಕ್ಕಿನ ಡಬ್ಬಿಗಳನ್ನು ಮತ್ತೆ ಒಂದರ ಮೇಲೊಂದು ಒಟ್ಟಿದಳು. ಮೂರು ವಾರದ ಹಿಂದೆ ಮದುವೆಯ ಮನೆಯೊಂದರ ಆರ್ಡರು ಹಿಡಿದು, ಆ ರೊಟ್ಟಿಗೆಂದು ತಂದ ಡಬ್ಬಿಗಳು ಅವು.

"ಹಂಗಲ್ಲೋ ನನ್ನಪ್ಪಾ. ಒಬ್ಬನ ಏನೂ ಮಾಡಬ್ಯಾಡ. ಓಣಿ ಮಂದಿ ಕೂಡಿ ಮಾಡು."

"ಆತು ಯವ್ವಾ, ಇನ್ನ ಹಂಗ ಮಾಡ್ತೀನಿ."

ಸಂಜೆ ಮೌಲಾಸಾಬ ಹೇಳಿದ: "ಓಣಿ ಮಂದಿ ಫೋನೆಲ್ಲಾ ನಿಮ್ಮ ವೈಫೈ ಮ್ಯಾಲ ಅದಾವು. ನಾಕು ದಿನ ಬಂದ್ ಮಾಡ್ರಿ ಅಂತ ಹೇಳು."

ಕೂಡಿ ಮಾಡಬೇಕಲ್ಲ, ಮುರಿಗೆಪ್ಪ ಮನೆ ಮನೆಗೆ ಹೋದ. "ಫೋನು ತಗೊಂಡು ನಮ್ಮನಿಗೆ ಬರ್ರಿ, ಎಲ್ಲಾರೂ ಕೂಡಿ ಬಂದ್ ಮಾಡೂಣು." ಹದಿನಾಲ್ಕು ಮಂದಿ ಬಂದರು. ಬಂದವರು ಸುಮ್ಮನೆ ಕೂರುತ್ತಾರೆಯೇ? ಬಂದ್ ಮಾಡುವ ಮೊದಲು ಒಂಚೂರು ನೋಡೋಣ ಎಂದು ಒಬ್ಬರು ಧಾರಾವಾಹಿ ಹಚ್ಚಿದರು, ಒಬ್ಬರು ಕ್ರಿಕೆಟ್ ಹಚ್ಚಿದರು. ಎಲ್ಲರ ಪರದೆಯಲ್ಲೂ ಬಳೆ ತಿರುಗತೊಡಗಿತು. ಚಹಾಕ್ಕೆ ಇಟ್ಟಿದ್ದಾರೇನೋ ಎಂದು ಹಿರಿಯರೊಬ್ಬರು ಅಡುಗೆಮನೆಯ ಕಡೆ ನೋಡಿದರು.

ಅವರನ್ನೆಲ್ಲ ಕಳಿಸುವಷ್ಟರಲ್ಲಿ ನೀಲವ್ವನ ದನಿ ಬಿದ್ದುಹೋಗಿತ್ತು.

"ಹಂಗಲ್ಲೋ ನನ್ನಪ್ಪಾ. ಇನ್ನ ಯಾರ ಬಂದ್ರೂ ಬಾಗಿಲಾಗ ನಿಂತು ಕೈ ಮುಗಿ. 'ಭಾನುವಾರ ಆಟ ಮುಗಿಯೂತನಕ ಬರಬ್ಯಾಡ್ರಿ' ಅನ್ನು."

"ಆತು ಯವ್ವಾ, ಇನ್ನ ಹಂಗ ಮಾಡ್ತೀನಿ."

ಶನಿವಾರ ಯಾರು ಬಂದರು? ಹೆಗಲಿಗೆ ಚೀಲ ಹಾಕಿಕೊಂಡು, ನೋಡಿಯೇ ಬಿಡೋಣ ಎಂದು ಮೌಲಾಸಾಬನೇ ಬಂದ. ಮುರಿಗೆಪ್ಪ ಬಾಗಿಲಲ್ಲಿ ನಿಂತು ಕೈ ಮುಗಿದ.

"ಭಾನುವಾರ ಆಟ ಮುಗಿಯೂತನಕ ಬರಬ್ಯಾಡ್ರಿ."

"ಅಲ್ಲಪಾ, ನಾನು ಮೌಲಾಸಾಬ."

"ಗೊತ್ತೈತ್ರಿ. ಯಾರ ಬಂದ್ರೂ ಅಂದಾಳ ಅವ್ವ."

ಬಜಾರದಿಂದ ಬಂದ ನೀಲವ್ವ ಕೇಳಿ ತಲೆ ಹಿಡಿದುಕೊಂಡಳು. ಫೋನಿನಲ್ಲಿ ಮೌಲಾಸಾಬನಿಗೆ ಅಣ್ಣ ಎಂದಳು, ತಮ್ಮ ಎಂದಳು, ಬಸುರಿ ಮಗಳ ಮಾತು ಹೇಳಿದಳು. ಅವನು ಭಾನುವಾರ ನಾಲ್ಕಕ್ಕೆ ಬರಲು ಒಪ್ಪಿದ.

"ಹಂಗಲ್ಲೋ ನನ್ನಪ್ಪಾ. ಮನಿಗೆ ಬಂದವರನ್ನ ಕುಂದರಸಬೇಕು. ತಾಟು ಇಡಬೇಕು. ಸಾಕು ಅಂದ್ರೂ ಕೇಳಬಾರದು, ನೀಡಬೇಕು. ಅದು ಪದ್ಧತಿ."

"ಆತು ಯವ್ವಾ, ಇನ್ನ ಹಂಗ ಮಾಡ್ತೀನಿ."

ಭಾನುವಾರ ನಾಲ್ಕಕ್ಕೆ ಮೌಲಾಸಾಬ ಬಂದ. ಚೀಲ ಬಿಚ್ಚುವ ಮೊದಲೇ ಅವನ ಮುಂದೆ ತಾಟು ಬಿತ್ತು. ಮುರಿಗೆಪ್ಪ ಮೇಲಿನ ಡಬ್ಬಿ ಇಳಿಸಿ ಒಲೆಯ ಕಡೆ ಇಟ್ಟು, ಜೋಳದ ರೊಟ್ಟಿ ನೀಡಿದ. ಮೌಲಾಸಾಬ ತಿಂದ.

"ಸಾಕಪಾ. ಕೆಲಸ ನೋಡತೀನಿ."

ಎರಡನೇ ಡಬ್ಬಿ ಇಳಿಯಿತು. ಸಜ್ಜೆ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ನಾಲ್ಕೂವರೆ ಆಯಿತು. ನೀಲವ್ವ ಗಡಿಯಾರ ನೋಡಿದಳು, ಟಿವಿ ನೋಡಿದಳು. ಬಳೆ ತಿರುಗುತ್ತಿತ್ತು.

"ಸಾಕೋ ಮಾರಾಯಾ," ಎಂದ ಮೌಲಾಸಾಬ.

"ಬಿಡೋ ಅವರನ್ನ, ಐದಾಗಾಕ ಬಂತು," ಎಂದಳು ನೀಲವ್ವ.

"ಸಾಕು ಅಂದಾರಲ್ಲ ಯವ್ವಾ. ಅದಕ್ಕ ನೀಡಾಕ್ಹತ್ತೀನಿ."

ಮೂರನೇ ಡಬ್ಬಿಯೂ ಇಳಿಯಿತು. ಅದರಲ್ಲಿ ಎಳ್ಳು ಹಚ್ಚಿದ ರೊಟ್ಟಿ. ಮುರಿಗೆಪ್ಪ ಮುಚ್ಚಳ ತೆಗೆಯುತ್ತಿದ್ದಾಗ ಪರದೆಯ ಮೇಲಿನ ಬಳೆ ನಿಂತಿತು. ನಿಂತು, ಮಾಯವಾಯಿತು. ಎರಡು ಕಾರು ಕಂಡವು.

"ಅಣ್ಣಾ? ಅದೀಯೇನೋ?" ಎಂದಿತು ಟಿವಿ.

ಮೌಲಾಸಾಬ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಮಾಡ ನೋಡಿದ, ಡಬ್ಬಿ ನೋಡಿದ. ನುಂಗಿದ. "ಮುಂದ ಇಷ್ಟು ಉಕ್ಕು ಒಟ್ಟಿದ್ರ ಸಿಗ್ನಲ್ ಹೆಂಗ ಬರತೈತಿ ನೀಲವ್ವಾರ?"

ನೀಲವ್ವ ಇದ್ದಲ್ಲೇ ಕೂತಳು. ಮೂರು ವಾರ. ತನ್ನ ಕೈಯಾರೆ ಒಟ್ಟಿದ್ದು. ಸೆರಗಿನಿಂದ ಮುಖ ಒರೆಸಿಕೊಂಡಳು.

ಫೈನಲ್ ಶುರುವಾಯಿತು. "ಅಣ್ಣಾ, ನನ್ನ ಹಿಂದ ಬಾ. ಬಿಡಬ್ಯಾಡ," ಎಂದಳು ದಾಕ್ಷಾಯಣಿ. ಮುರಿಗೆಪ್ಪ ಬಿಡಲಿಲ್ಲ. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಕೊನೆಯ ತಿರುವಿನಲ್ಲಿ ಅವಳ ಕಾರು ಜಾರಿ ಕೆರೆಗೆ ಬಿತ್ತು. ಅವನ ಮುಂದೆ ರಸ್ತೆ ಖಾಲಿ, ಗೆಲ್ಲುವ ಗೆರೆ ಕಾಣುತ್ತಿತ್ತು. ಮುರಿಗೆಪ್ಪ ಕಾರು ತಿರುಗಿಸಿ ಕೆರೆಗೆ ಬಿಟ್ಟ. ಎರಡೂ ಜೊತೆಯಲ್ಲಿ ಮುಳುಗಿದವು.

ಟಿವಿಯಿಂದ ಒಂದು ದನಿ ಬಂತು. ಅಳುವೆಂದು ನೀಲವ್ವ ಎದ್ದು ನಿಂತಳು. ಅಳುವಲ್ಲ.

"ನೀ ಯಾಕ ಬಂದ್ಯೋ?" ಎಂದು ದಾಕ್ಷಾಯಣಿ ನಗುತ್ತಲೇ ಕೇಳಿದಳು.

"ನೀನ ಬಾ ಅಂದಿ."

ಮತ್ತೆ ನಗು. ಮೂರು ವಾರದ್ದೆಲ್ಲ ಒಟ್ಟಿಗೆ ಬಂದಂತಿತ್ತು. "ಮೆಲ್ಲಗ ನಗು, ಮೆಲ್ಲಗ," ಎನ್ನುತ್ತ ನೀಲವ್ವ ಟಿವಿಯ ಮುಂದೆ ಕೂತು ಮಗಳೊಡನೆ ಮಾತಿಗಿಳಿದಳು.

ಮೌಲಾಸಾಬ ಕೈ ತೊಳೆಯಲು ಎದ್ದ. "ಮುರಿಗೆಪ್ಪಾ, ಇನ್ನ ರೂಟರ್ ಹತ್ರ ಕಬ್ಬಿಣ, ಉಕ್ಕು ಒಂದೂ ಇರಬಾರದು. ತಿಳೀತಿಲ್ಲೋ?"

"ಆತ್ರಿ, ಹಂಗ ಮಾಡ್ತೀನಿ."

ಚಹಾ ಕುಡಿದು ಮೌಲಾಸಾಬ ಹೊರಗೆ ಬಂದರೆ ಅವನ ಮೋಟರ್ ಸೈಕಲ್ ಇಲ್ಲ. ಓಣಿಯ ತುದಿಯಿಂದ ಮುರಿಗೆಪ್ಪ ಬೆವರು ಸುರಿಸುತ್ತ ಬಂದ.

"ಬಸ್‌ ಸ್ಟ್ಯಾಂಡ್ ದಾಟಿಸಿ ಇಟ್ಟು ಬಂದೇನ್ರಿ. ಭಾಳ ಕಬ್ಬಿಣ ಇತ್ತು."

ಬಾಗಿಲಿಗೆ ಬಂದ ನೀಲವ್ವ ಬಯ್ಯಲು ಬಾಯಿ ತೆರೆದಳು. ಒಳಗೆ ಟಿವಿಯಲ್ಲಿ ಮಗಳು ಇನ್ನೂ ನಗುತ್ತಿದ್ದಳು. ಬೈಗಳು ಬರಲಿಲ್ಲ, ಬುದ್ಧಿಮಾತೂ ಬರಲಿಲ್ಲ.

"ಸಾಕು ಬಿಡೋ ನನ್ನಪ್ಪಾ," ಎಂದಳು.

ಸಾಕು ಎಂದರೆ ನಿಲ್ಲಿಸಬಾರದು. ಮುರಿಗೆಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು. ಒಳಗೆ ಹೋದ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ತಲೆಗೇರಿಸಿಕೊಂಡ, ಬಸ್‌ ಸ್ಟ್ಯಾಂಡಿನ ಕಡೆ ಹೊರಟ.